ಹ್ಯಾಶ್ ತಾಳೆಯಾದರೆ ಏನು ತಿಳಿದಂತಾಯಿತು?

2021ರ ಡಿಸೆಂಬರ್ ಎರಡನೆಯ ವಾರದಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಗಂಭೀರ ಭದ್ರತಾ ದೋಷ ಬಯಲಾದಾಗ, ದೋಷವೇನು, ಅದನ್ನು ಸರಿಪಡಿಸುವುದು ಹೇಗೆ ಎಂಬುದು ಕೆಲವೇ ದಿನಗಳಲ್ಲಿ ತಿಳಿದುಹೋಯಿತು. ಉತ್ತರ ಸಿಗದೆ ಕಾಡಿದ್ದು ಇನ್ನೊಂದು ಪ್ರಶ್ನೆ: ಆ ಲೈಬ್ರರಿ ನಮ್ಮ ಯಾವ ಯಂತ್ರಗಳಲ್ಲಿ, ಯಾವ ತಂತ್ರಾಂಶದ ಹೊಟ್ಟೆಯೊಳಗೆ ಕುಳಿತಿದೆ? ಲಾಗ್4ಜೆಯನ್ನು ಬೇಕೆಂದೇ ತಂದು ಹಾಕಿಕೊಂಡವರು ಕಡಿಮೆ. ಬೇರೊಂದು ತಂತ್ರಾಂಶ ಅದನ್ನು ತನ್ನೊಡನೆ ಹೊತ್ತು ತಂದಿರುತ್ತಿತ್ತು. ಕಡತದ ಹೆಸರನ್ನು ನಂಬಿ ಹುಡುಕುವಂತಿರಲಿಲ್ಲ, ಏಕೆಂದರೆ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಹಾಗಾಗಿ 2.0-ಬೀಟಾ9ರಿಂದ 2.14.1ರವರೆಗಿನ ದೋಷಪೂರಿತ ಆವೃತ್ತಿಗಳ ಮುಖ್ಯ ಜಾರ್ ಕಡತಗಳ (ಜಾವಾ ತಂತ್ರಾಂಶದ ಭಾಗಗಳನ್ನು ಒಟ್ಟುಗೂಡಿಸಿದ ಕಡತಗಳ) ಹ್ಯಾಶ್ ಮೌಲ್ಯಗಳನ್ನು, ಅಂದರೆ ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿ ಪಡೆದ ಗುರುತಿನ ಸಂಖ್ಯೆಗಳನ್ನು, ಪಟ್ಟಿ ಮಾಡಿ ಹಂಚಲಾಯಿತು. ಯಂತ್ರದಲ್ಲಿರುವ ಪ್ರತಿಯೊಂದು ಜಾರ್ ಕಡತದ ಹ್ಯಾಶ್ ತೆಗೆದು ಆ ಪಟ್ಟಿಯೊಡನೆ ತಾಳೆ ನೋಡಿದರೆ, ಕಡತಕ್ಕೆ ಯಾವ ಹೆಸರಿಟ್ಟಿದ್ದರೂ ಅದು ಸಿಕ್ಕಿಬೀಳುತ್ತದೆ ಎಂಬುದು ಲೆಕ್ಕಾಚಾರ.

ಆ ಹುಡುಕಾಟ ಅರ್ಧ ಮಾತ್ರ ಫಲಿಸಿತು. ಮೂಲದಲ್ಲಿ ಬಿಡುಗಡೆಯಾದ ಹಾಗೆಯೇ ಉಳಿದಿದ್ದ ಪ್ರತಿಗಳು ಕೂಡಲೇ ಸಿಕ್ಕವು. ಆದರೆ ಜಾವಾ ಜಗತ್ತಿನಲ್ಲಿ ಹಲವು ಲೈಬ್ರರಿಗಳನ್ನು ಬಿಚ್ಚಿ, ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಜಾರ್ ಮಾಡಿ ಕೊಡುವ ರೂಢಿಯಿದೆ. ಅಂತಹ ಕಡತದ ಹ್ಯಾಶ್ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆಗ ಹುಡುಕುವವರು ಒಂದು ಹಂತ ಕೆಳಗಿಳಿದು, ದೋಷದ ಕೇಂದ್ರವಾಗಿದ್ದ ಜೆಎನ್‌ಡಿಐಲುಕಪ್ ಎಂಬ ಕ್ಲಾಸ್ ಕಡತವನ್ನೇ ಜಾರ್‌ನ ಒಳಗೆ ಹುಡುಕತೊಡಗಿದರು. ಇದು ಇನ್ನಷ್ಟು ಪ್ರತಿಗಳನ್ನು ಹೊರತಂದಿತು. ಆದರೂ, ಹೆಸರುಗಳ ಘರ್ಷಣೆ ತಪ್ಪಿಸಲೆಂದು ಪ್ಯಾಕೇಜಿನ ಹೆಸರನ್ನೇ ಕ್ಲಾಸ್ ಕಡತದ ಒಳಗೆ ತಿದ್ದಿ ಬರೆಯುವ ಪದ್ಧತಿಯೊಂದಿದ್ದು, ಹಾಗೆ ತಿದ್ದಿದ ಕಡತಗಳ ಬೈಟ್‌ಗಳೂ ಬದಲಾಗಿರುತ್ತಿದ್ದ ಕಾರಣ, ಅವು ಕ್ಲಾಸ್ ಮಟ್ಟದ ಹ್ಯಾಶ್‌ಗಳ ಬಲೆಗೂ ಬೀಳಲಿಲ್ಲ. ದೋಷ ಅದೇ, ನಡವಳಿಕೆ ಅದೇ. ಬೈಟ್‌ಗಳು ಮಾತ್ರ ಬೇರೆ.

ಹ್ಯಾಶ್‌ನಿಂದ ತಂತ್ರಾಂಶವನ್ನು ಗುರುತಿಸುವ ಕೆಲಸದ ಬಲ ಮತ್ತು ಮಿತಿ ಎರಡೂ ಈ ಒಂದು ಪ್ರಸಂಗದಲ್ಲಿ ಕಾಣುತ್ತವೆ. ತಂತ್ರಾಂಶದ ಒಳಗೆ ಏನೇನಿದೆ ಎಂದು ತಯಾರಕರು ಲಿಖಿತವಾಗಿ ಹೇಳಬೇಕೆಂಬ ಕಾನೂನುಗಳು ಬರುತ್ತಿರುವ ಈ ಹೊತ್ತಿನಲ್ಲಿ, ಪ್ರತಿ ಘಟಕದ ಹ್ಯಾಶ್ ನಮೂದಿಸಿಬಿಟ್ಟರೆ ಗುರುತಿನ ಸಮಸ್ಯೆ ಬಗೆಹರಿಯಿತು ಎಂಬ ಭಾವನೆ ಬೆಳೆಯುತ್ತಿದೆ. ಇದು ಗಣಿತದ ಮೇಲಿನ ನಂಬಿಕೆಯನ್ನು ದಾಖಲೆಯ ಮೇಲಿನ ನಂಬಿಕೆಯೊಡನೆ ಬೆರೆಸಿಕೊಂಡ ಭಾವನೆ. ಹ್ಯಾಶ್ ತನ್ನ ಪಾಲಿನ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಅದು ಯಾವ ಪಟ್ಟಿಯೊಡನೆ ತಾಳೆಯಾಯಿತು, ಆ ಪಟ್ಟಿಯನ್ನು ಯಾರು, ಎಲ್ಲಿಂದ ತಂದ ಕಡತಗಳಿಂದ, ಯಾವ ಹಂತದಲ್ಲಿ ಮಾಡಿದರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಲೆಕ್ಕದ ಕಡೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡಬಹುದು. ಗೂಢಲಿಪಿಶಾಸ್ತ್ರದ ಹ್ಯಾಶ್ ಕ್ರಮವು ಎಷ್ಟೇ ದೊಡ್ಡ ಕಡತವನ್ನಾದರೂ ಓದಿ, ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಕೊಡುತ್ತದೆ. ಎಂಡಿ5 ಕ್ರಮದಲ್ಲಿ ಅದು 128 ಬಿಟ್, ಎಸ್‌ಎಚ್‌ಎ-1ರಲ್ಲಿ 160 ಬಿಟ್, ಎಸ್‌ಎಚ್‌ಎ-256ರಲ್ಲಿ 256 ಬಿಟ್. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಫಲಿತಾಂಶ ಗುರುತೇ ಸಿಗದಷ್ಟು ಬದಲಾಗುತ್ತದೆ. ಫಲಿತಾಂಶದಿಂದ ಹಿಂದಕ್ಕೆ ಹೋಗಿ ಕಡತವನ್ನು ಪಡೆಯುವಂತಿಲ್ಲ. ಎಸ್‌ಎಚ್‌ಎ-256 ಕೊಡಬಹುದಾದ ಬೇರೆ ಬೇರೆ ಮೌಲ್ಯಗಳ ಎಣಿಕೆ 78 ಅಂಕಿಗಳ ಒಂದು ಸಂಖ್ಯೆಯಾದ್ದರಿಂದ, ಎರಡು ಭಿನ್ನ ಕಡತಗಳಿಗೆ ಆಕಸ್ಮಿಕವಾಗಿ ಒಂದೇ ಮೌಲ್ಯ ಬರುವ ಸಾಧ್ಯತೆಯನ್ನು ವ್ಯವಹಾರದಲ್ಲಿ ಶೂನ್ಯವೆಂದೇ ಹಿಡಿಯಬಹುದು. ಇದನ್ನು ಕಡತದ ಬೆರಳಚ್ಚು ಎಂದು ಕರೆಯುವುದು ವಾಡಿಕೆ. ಹೋಲಿಕೆ ಸರಿಯಾಗಿಯೇ ಇದೆ, ಅದನ್ನು ಪೂರ್ತಿಯಾಗಿ ತೆಗೆದುಕೊಂಡರೆ: ಬೆರಳಚ್ಚು ಯಾರದೆಂದು ಬರೆದಿಟ್ಟ ದಾಖಲೆ ಇಲ್ಲದಿದ್ದರೆ ಅದರಿಂದ ಯಾರನ್ನೂ ಗುರುತಿಸಲಾಗದು.

ಪಟ್ಟಿಗಳು ಎಲ್ಲಿಂದ ಬಂದವು

ಅಂತಹ ದಾಖಲೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಎಸ್‌ಟಿ, ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸುತ್ತಿರುವ ರಾಷ್ಟ್ರೀಯ ತಂತ್ರಾಂಶ ಆಕರ ಗ್ರಂಥಾಲಯ. ಎನ್‌ಎಸ್‌ಆರ್‌ಎಲ್ ಎಂಬ ಅಕ್ಷರಗಳಿಂದ ಅದು ಪರಿಚಿತ. ಸಂಸ್ಥೆಯವರು ತಂತ್ರಾಂಶಗಳ ಮೂಲ ಪ್ರತಿಗಳನ್ನು ಸಂಗ್ರಹಿಸಿ, ಅವುಗಳಲ್ಲಿರುವ ಪ್ರತಿಯೊಂದು ಕಡತದ ಹ್ಯಾಶ್, ಹೆಸರು, ಗಾತ್ರ ಮತ್ತು ಅದು ಯಾವ ಉತ್ಪನ್ನದಿಂದ ಬಂದದ್ದು ಎಂಬುದನ್ನು ದಾಖಲಿಸಿ, ವರ್ಷಕ್ಕೆ ನಾಲ್ಕು ಬಾರಿ ಪ್ರಕಟಿಸುತ್ತಾರೆ. ಇದು ಹುಟ್ಟಿದ್ದು ಅಪರಾಧ ತನಿಖೆಯ ಅಗತ್ಯದಿಂದ. ವಶಪಡಿಸಿಕೊಂಡ ಕಂಪ್ಯೂಟರಿನಲ್ಲಿ ಲಕ್ಷಾಂತರ ಕಡತಗಳಿರುತ್ತವೆ, ಅವುಗಳಲ್ಲಿ ಬಹುಪಾಲು ಕಾರ್ಯಾಚರಣ ವ್ಯವಸ್ಥೆಯವು ಮತ್ತು ಎಲ್ಲರಲ್ಲೂ ಇರುವ ತಂತ್ರಾಂಶಗಳವು. ಪಟ್ಟಿಯೊಡನೆ ತಾಳೆಯಾದವನ್ನು ಬದಿಗೆ ಸರಿಸಿದರೆ, ತನಿಖಾಧಿಕಾರಿ ನಿಜವಾಗಿ ನೋಡಬೇಕಾದವು ಉಳಿಯುತ್ತವೆ.

ಇಲ್ಲಿ ಪಟ್ಟಿಯ ಉದ್ದೇಶವನ್ನು ಗಮನಿಸಬೇಕು. ಎನ್‌ಎಸ್‌ಆರ್‌ಎಲ್ ಹೇಳುವುದು “ಈ ಕಡತ ಗೊತ್ತಿರುವಂಥದ್ದು” ಎಂದು ಮಾತ್ರ. “ಇದು ಒಳ್ಳೆಯದು” ಎಂದು ಅದು ಎಂದೂ ಹೇಳಿಲ್ಲ. ಮಾಹಿತಿಯನ್ನು ಚಿತ್ರದೊಳಗೆ ಅಡಗಿಸುವ ಸಾಧನಗಳು, ಗುಪ್ತಪದ ಒಡೆಯುವ ಸಾಧನಗಳು ಕೂಡ ಅದರಲ್ಲಿ ದಾಖಲಾಗಿವೆ, ಏಕೆಂದರೆ ಅವೂ ಎಲ್ಲಿಂದ ಬಂದವೆಂದು ಗೊತ್ತಿರುವ ತಂತ್ರಾಂಶಗಳೇ. ಆದರೂ ಅದರಲ್ಲಿ ಇರುವ ಎಲ್ಲವನ್ನೂ ನಿರುಪದ್ರವಿ ಎಂದು ಎಣಿಸುವ ಸಾಧನಗಳು, ಪಾಠಗಳು, ಕಚೇರಿಯ ಕ್ರಮಗಳು ಬೇಕಾದಷ್ಟಿವೆ. ಸಮಯ ಉಳಿಸಲೆಂದು ಮಾಡಿದ ಪಟ್ಟಿಯೊಂದು ಕಾಲಕ್ರಮದಲ್ಲಿ ನಂಬಿಕೆಯ ಪ್ರಮಾಣಪತ್ರವಾಗಿಬಿಡುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ನಡೆಯುವ ಸಂಗತಿ.

ಎದುರು ದಿಕ್ಕಿನ ಪಟ್ಟಿಗಳೂ ಇವೆ. 2004ರಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್ ಪಾಲಾದ ವೈರಸ್‌ಟೋಟಲ್‌ನಲ್ಲಿ ಹ್ಯಾಶ್ ಕೊಟ್ಟು ಹುಡುಕಿದರೆ, ಆ ಕಡತವನ್ನು ಯಾವ ಯಾವ ಪರೀಕ್ಷಾ ಸಾಧನಗಳು ಕುತಂತ್ರಾಂಶವೆಂದು ಗುರುತಿಸಿವೆ ಎಂಬುದು ತಿಳಿಯುತ್ತದೆ. ಲಕ್ಸೆಂಬರ್ಗಿನ ಸಿಐಆರ್‌ಸಿಎಲ್ ಎಂಬ ತುರ್ತು ಸ್ಪಂದನ ತಂಡವು ಹ್ಯಾಶ್‌ಲುಕಪ್ ಎಂಬ ಮುಕ್ತ ಸೇವೆಯನ್ನು ನಡೆಸುತ್ತಿದ್ದು, ಎನ್‌ಎಸ್‌ಆರ್‌ಎಲ್ ದಾಖಲೆಯ ಜೊತೆಗೆ ಲಿನಕ್ಸ್ ವಿತರಣೆಗಳ ಪ್ಯಾಕೇಜುಗಳಲ್ಲಿರುವ ಕಡತಗಳನ್ನೂ ಅದರಲ್ಲಿ ಸೇರಿಸಿದೆ. ತಾವು ಯಾವ ಕಡತವನ್ನು ವಿಚಾರಿಸುತ್ತಿದ್ದೇವೆ ಎಂಬುದನ್ನೇ ಹೊರಗೆ ಬಿಟ್ಟುಕೊಡಲು ಇಚ್ಛಿಸದವರಿಗಾಗಿ, ಇಡೀ ಪಟ್ಟಿಯನ್ನು ಬ್ಲೂಮ್ ಫಿಲ್ಟರ್ ಎಂಬ ಸಾಂದ್ರ ರೂಪದಲ್ಲಿ ಇಳಿಸಿಕೊಂಡು ತಮ್ಮಲ್ಲೇ ತಾಳೆ ನೋಡುವ ಸೌಲಭ್ಯವೂ ಅಲ್ಲಿದೆ. ಬ್ಲೂಮ್ ಫಿಲ್ಟರ್ “ಇಲ್ಲ” ಎಂದರೆ ಖಂಡಿತ ಇಲ್ಲ. “ಇದೆ” ಎಂದಾಗ ಮಾತ್ರ ಸ್ವಲ್ಪ ಪ್ರಮಾಣದಲ್ಲಿ ತಪ್ಪಿರಬಹುದು. ಗೊತ್ತಿರುವ ಕಡತಗಳನ್ನು ಬದಿಗಿಡುವ ಕೆಲಸದಲ್ಲಿ ಈ ತಪ್ಪು ಬೀಳುವುದು ಅಪಾಯದ ದಿಕ್ಕಿಗೇ ಎಂಬುದನ್ನು ಬಳಸುವವರು ನೆನಪಿಡಬೇಕು, ಏಕೆಂದರೆ ಗೊತ್ತಿಲ್ಲದ ಕಡತವೊಂದು ಗೊತ್ತಿರುವುದೆಂಬ ಹೆಸರಿನಲ್ಲಿ ನುಸುಳಿಹೋಗಬಹುದು.

ತಂತ್ರಾಂಶಗಳನ್ನು ತಂದು ಅಳವಡಿಸುವ ಪ್ಯಾಕೇಜ್ ವ್ಯವಸ್ಥೆಗಳ ಒಳಗೆ ಹ್ಯಾಶ್ ದಿನನಿತ್ಯದ ಸಂಗತಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಡಿಜಿಟಲ್ ಸಹಿ ಮಾಡಿದ ಒಂದು ಮೇಲ್ಪಟ್ಟಿಯೊಳಗೆ ಪ್ಯಾಕೇಜುಗಳ ಪಟ್ಟಿಯ ಹ್ಯಾಶ್, ಆ ಪಟ್ಟಿಯೊಳಗೆ ಪ್ರತಿ ಪ್ಯಾಕೇಜಿನ ಹ್ಯಾಶ್ ಇರುತ್ತದೆ. ಒಂದು ಸಹಿಯನ್ನು ಪರಿಶೀಲಿಸಿದರೆ ಸಾವಿರಾರು ಕಡತಗಳಿಗೆ ಅದರ ಬಲ ಹರಿಯುತ್ತದೆ. ಪೈಥಾನಿನ ಪಿಪ್ 2016ರಿಂದ ಹ್ಯಾಶ್ ಕಡ್ಡಾಯಗೊಳಿಸುವ ಆಯ್ಕೆಯನ್ನು ಕೊಟ್ಟಿದೆ. ಜಾವಾಸ್ಕ್ರಿಪ್ಟಿನ ಎನ್‌ಪಿಎಂ ತನ್ನ ಲಾಕ್ ಕಡತದಲ್ಲಿ ಎಸ್‌ಎಚ್‌ಎ-512 ಮೌಲ್ಯವನ್ನು ಬರೆದಿಡುತ್ತದೆ. ಇವೆಲ್ಲ ಕೇಳುವ ಪ್ರಶ್ನೆ ಒಂದೇ: ನಾನು ಬಯಸಿದ ಕಡತವೇ ಬಂತೇ? ಅದಕ್ಕೆ ಹ್ಯಾಶ್ ಕೊಡುವ ಉತ್ತರದಲ್ಲಿ ಗೊಂದಲವಿಲ್ಲ. ಗೊಂದಲ ಹುಟ್ಟುವುದು ಪ್ರಶ್ನೆಯನ್ನು ತಿರುಗಿಸಿ, ಕೈಯಲ್ಲಿರುವ ಕಡತವನ್ನು ತೋರಿಸಿ ಇದು ಯಾವುದು ಎಂದು ಕೇಳಿದಾಗ.

ಒಂದು ಹ್ಯಾಶ್, ಹಲವು ಪ್ಯಾಕೇಜ್. ಒಂದು ಪ್ಯಾಕೇಜ್, ಹಲವು ಹ್ಯಾಶ್

ಖಾಲಿ ಕಡತವನ್ನೇ ತೆಗೆದುಕೊಳ್ಳಿ. ಜಗತ್ತಿನ ಎಲ್ಲ ಖಾಲಿ ಕಡತಗಳಿಗೂ ಎಸ್‌ಎಚ್‌ಎ-256ರಲ್ಲಿ ಒಂದೇ ಮೌಲ್ಯ. ಪೈಥಾನ್ ಪ್ಯಾಕೇಜುಗಳಲ್ಲಿ “ಇದು ಪ್ಯಾಕೇಜ್” ಎಂದು ಸೂಚಿಸಲು ಇಡುವ ಪುಟ್ಟ ಕಡತ ಬಹಳಷ್ಟು ಸಲ ಖಾಲಿಯೇ ಆಗಿರುತ್ತದೆ; ಅದರ ಹ್ಯಾಶ್ ಹಿಡಿದು ಹೊರಟರೆ ಸಾವಿರಾರು ಪ್ಯಾಕೇಜುಗಳ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಪರವಾನಗಿಯ ಪಠ್ಯ, ಜನಪ್ರಿಯ ಜಾವಾಸ್ಕ್ರಿಪ್ಟ್ ಲೈಬ್ರರಿಯ ಕಿರುಕಡತ, ಅಕ್ಷರಶೈಲಿಯ ಕಡತ, ಚಿಹ್ನೆಯ ಚಿತ್ರ ಇವೆಲ್ಲ ಹೀಗೆಯೇ. ಕಡತವೊಂದು ಹಲವು ಉತ್ಪನ್ನಗಳಿಗೆ ಸೇರಿದ್ದರೆ, ಅದು ಸಿಕ್ಕಿತೆಂಬುದರಿಂದ ಯಾವ ಉತ್ಪನ್ನ ಇತ್ತೆಂದು ತೀರ್ಮಾನಿಸುವಂತಿಲ್ಲ. ಗುರುತಿಗೆ ನಿಜವಾಗಿ ಒದಗುವುದು ಒಂದೇ ಒಂದು ಆವೃತ್ತಿಯಲ್ಲಿ ಮಾತ್ರ ಕಾಣುವ ಅಪರೂಪದ ಕಡತಗಳು. ಹಾಗಾಗಿ ಒಳ್ಳೆಯ ಪಟ್ಟಿಯೊಂದು ಈ ಹ್ಯಾಶ್ ಇದೆಯೇ ಎಂಬುದರ ಜೊತೆಗೆ, ಇದು ಎಷ್ಟು ಕಡೆ ಕಂಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಈ ಎರಡನೆಯ ಮಾಹಿತಿಯನ್ನು ಬಿಟ್ಟು ಮೊದಲನೆಯದನ್ನಷ್ಟೇ ತೋರಿಸುವ ಸಾಧನಗಳು ಬಳಸುವವರನ್ನು ದಾರಿ ತಪ್ಪಿಸುತ್ತವೆ ಎಂದೇ ನನ್ನ ಅನಿಸಿಕೆ.

ಇದಕ್ಕಿಂತ ತೊಡಕಿನದು ಇದರ ಮಗ್ಗುಲು. ಒಂದೇ ಮೂಲ ಸಂಕೇತದಿಂದ (ಸೋರ್ಸ್ ಕೋಡ್), ಒಂದೇ ಆವೃತ್ತಿಯ ಹೆಸರಿನಲ್ಲಿ ಕಟ್ಟಿದ (ಬಿಲ್ಡ್ ಮಾಡಿದ) ತಂತ್ರಾಂಶಕ್ಕೆ ಬೇರೆ ಬೇರೆ ಹ್ಯಾಶ್ ಬರುವುದಕ್ಕೆ ಹತ್ತಾರು ಕಾರಣಗಳಿವೆ. ಕಟ್ಟಿದ ಸಮಯ ಕಡತದೊಳಗೆ ಸೇರಿಕೊಳ್ಳಬಹುದು. ಕಟ್ಟಿದವರ ಯಂತ್ರದ ಫೋಲ್ಡರಿನ ದಾರಿ ಉಳಿದುಬಿಡಬಹುದು. ಕಡತಗಳನ್ನು ಓದಿದ ಕ್ರಮ ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯಾಗಿರಬಹುದು. ಪೈಥಾನ್ ಓಡಿದಾಗ ತಾನೇ ಬರೆದಿಟ್ಟುಕೊಳ್ಳುವ ಬೈಟ್‌ಕೋಡ್ ಕಡತದ ತಲೆಯಲ್ಲಿ ಮೂಲ ಕಡತವನ್ನು ಕೊನೆಯ ಬಾರಿ ತಿದ್ದಿದ ಸಮಯ ದಾಖಲಾಗಿರುವುದರಿಂದ, ಸಂಕೇತ ಒಂದೇ ಆಗಿದ್ದರೂ ಯಂತ್ರದಿಂದ ಯಂತ್ರಕ್ಕೆ ಹ್ಯಾಶ್ ಬದಲಾಗಬಹುದು. 2018ರ ಪೈಥಾನ್ 3.7ರಿಂದ ಸಮಯದ ಬದಲು ಮೂಲದ ಹ್ಯಾಶ್ ಬಳಸುವ ಆಯ್ಕೆ ಬಂದಿದ್ದರೂ ಅದು ಆಯ್ಕೆಯಾಗಿಯೇ ಉಳಿದಿದೆ. ಕೆಲವು ಲಿನಕ್ಸ್ ವಿತರಣೆಗಳು ಬಳಸುವ ಆರ್‌ಪಿಎಂ ಪ್ಯಾಕೇಜಿನಲ್ಲಿ ಸಹಿ ಪ್ಯಾಕೇಜ್ ಕಡತದೊಳಗೇ ಕೂರುತ್ತದೆ, ಆದ್ದರಿಂದ ಸಹಿಗೆ ಮುಂಚಿನ ಹ್ಯಾಶ್ ಬೇರೆ, ಸಹಿಯ ನಂತರದ್ದು ಬೇರೆ. ವಿಂಡೋಸ್ ಕಡತಗಳಲ್ಲೂ ಸಹಿ ಅಂಟಿಸಿದ ಮೇಲೆ ಕಡತದ ಹ್ಯಾಶ್ ಬದಲಾಗುತ್ತದೆ. ಅದಕ್ಕಾಗಿಯೇ ಅಲ್ಲಿನ ಸಹಿಯ ಕ್ರಮವು ಸಹಿಯ ಭಾಗವನ್ನು ಬಿಟ್ಟು ಉಳಿದದ್ದರ ಮೇಲೆ ಪ್ರತ್ಯೇಕ ಹ್ಯಾಶ್ ಲೆಕ್ಕ ಹಾಕುತ್ತದೆ.

2023ರ ಜನವರಿ 30ರಂದು ನಡೆದದ್ದು ಈ ವಿಷಯವನ್ನು ಬಹಳ ಮಂದಿಗೆ ಒಂದೇ ದಿನದಲ್ಲಿ ಕಲಿಸಿತು. ಮೂಲ ಸಂಕೇತಗಳನ್ನು ಇಟ್ಟು ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಯಾವುದೇ ಯೋಜನೆಯ ಮೂಲ ಸಂಕೇತವನ್ನು ಒಂದು ಸಂಕುಚಿತ ಕಡತವಾಗಿ ಇಳಿಸಿಕೊಳ್ಳಬಹುದು. ಕೇಳಿದಾಗ ಅದನ್ನು ತಯಾರಿಸಿ ಕೊಡಲಾಗುತ್ತದೆ. ಅಲ್ಲಿ ಸಂಕೇತದ ಬದಲಾವಣೆಗಳನ್ನು ದಾಖಲಿಸುವ ಗಿಟ್ ತಂತ್ರಾಂಶದ ಹೊಸ ಆವೃತ್ತಿಯು ಹೊರಗಿನ ಜಿಜಿಪ್ ಸಾಧನದ ಬದಲು ತನ್ನೊಳಗಿನ ಸಂಕುಚನ ಕ್ರಮವನ್ನು ಬಳಸತೊಡಗಿತ್ತು, ಗಿಟ್‌ಹಬ್ ಆ ಆವೃತ್ತಿಗೆ ಬದಲಾಯಿತು. ಒಳಗಿನ ಸಂಕೇತದಲ್ಲಿ ಒಂದಕ್ಷರವೂ ಬದಲಾಗದೆ, ಹೊರಗಿನ ಸಂಕುಚಿತ ಬೈಟ್‌ಗಳು ಮಾತ್ರ ಬದಲಾದವು. ಆ ಕಡತಗಳ ಹ್ಯಾಶ್ ಬರೆದಿಟ್ಟುಕೊಂಡಿದ್ದ ಕಟ್ಟುವ ವ್ಯವಸ್ಥೆಗಳು ಎಲ್ಲೆಡೆ ಮುಗ್ಗರಿಸಿದವು, ಗಿಟ್‌ಹಬ್ ಬದಲಾವಣೆಯನ್ನು ಹಿಂತೆಗೆದುಕೊಂಡಿತು. ತಪ್ಪು ಯಾರದೆಂದು ಆಗ ನಡೆದ ವಾದಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಹ್ಯಾಶ್ ಯಾವ ಪದರದ್ದು ಎಂಬುದನ್ನು ಹೆಚ್ಚಿನವರು ಯೋಚಿಸಿಯೇ ಇರಲಿಲ್ಲ. ಸಂಕುಚಿತ ಹೊದಿಕೆಯ ಹ್ಯಾಶ್ ಅನ್ನು ಒಳಗಿನ ವಸ್ತುವಿನ ಗುರುತೆಂದು ಅವರು ನಂಬಿದ್ದರು.

ಇದಕ್ಕೆ ಬುಡದಲ್ಲೇ ಪರಿಹಾರ ಹುಡುಕುವ ಪ್ರಯತ್ನವೇ ಪುನರಾವರ್ತನೀಯ ನಿರ್ಮಾಣ. ಒಂದೇ ಮೂಲ, ಒಂದೇ ಸಾಧನ, ಒಂದೇ ಸೂಚನೆಗಳಿದ್ದರೆ ಯಾರು, ಎಲ್ಲಿ, ಯಾವಾಗ ಕಟ್ಟಿದರೂ ಬಿಟ್ಟಿಗೆ ಬಿಟ್ ಒಂದೇ ಕಡತ ಬರಬೇಕು ಎಂಬುದು ಅದರ ನಿಯಮ. ಡೆಬಿಯನ್ ಯೋಜನೆಯಲ್ಲಿ 2013ರಿಂದ ಈ ಕೆಲಸ ವ್ಯವಸ್ಥಿತವಾಗಿ ನಡೆದಿದೆ. ಕಟ್ಟಿದ ಸಮಯದ ಬದಲು ಮೂಲದ ಕೊನೆಯ ಬದಲಾವಣೆಯ ಸಮಯವನ್ನೇ ಬಳಸುವಂತೆ ಸಾಧನಗಳಿಗೆ ತಿಳಿಸುವ ಒಂದು ಸಾಮಾನ್ಯ ಏರ್ಪಾಡು ಅಲ್ಲಿಂದ ಬೆಳೆದು ಬೇರೆ ಬೇರೆ ಸಾಧನಗಳಲ್ಲಿ ನೆಲೆಯಾಗಿದೆ. ಇದನ್ನು ಸಾಮಾನ್ಯವಾಗಿ ಭದ್ರತೆಯ ಕ್ರಮವೆಂದು ವಿವರಿಸುತ್ತಾರೆ, ಅದು ಸರಿಯೇ. ಆದರೆ ಗುರುತಿನ ದೃಷ್ಟಿಯಿಂದ ಅದರ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಹಾಗೆ ಕಟ್ಟಿದ ಕಡತದ ಹ್ಯಾಶ್ ಮಾತ್ರವೇ ಒಂದು ನಿರ್ದಿಷ್ಟ ಮೂಲ ಸಂಕೇತವನ್ನು ನಿಸ್ಸಂದೇಹವಾಗಿ ಸೂಚಿಸಬಲ್ಲದು. ಉಳಿದ ಸಂದರ್ಭಗಳಲ್ಲಿ ಹ್ಯಾಶ್ ಸೂಚಿಸುವುದು ಒಂದು ಯಂತ್ರದಲ್ಲಿ ಒಂದು ದಿನ ನಡೆದ ಒಂದು ಕಟ್ಟಾಣಿಕೆಯನ್ನು.

ಸ್ವಲ್ಪ ಬದಲಾದ ಕಡತಗಳನ್ನೂ ಹಿಡಿಯಲು ಸಾದೃಶ್ಯ ಹ್ಯಾಶ್‌ಗಳಿವೆ. 2006ರಲ್ಲಿ ಬಂದ ಎಸ್‌ಎಸ್‌ಡೀಪ್ ಅವುಗಳಲ್ಲಿ ಹೆಸರಾದದ್ದು. ಇದರ ಬಂಧು ಇದಿರಬಹುದು ಎಂಬ ಸುಳಿವನ್ನು ಅವು ಕೊಡುತ್ತವೆ; ಅದು ತನಿಖೆಗೆ ಉಪಯುಕ್ತ, ಗುರುತಿಗೆ ಸಾಲದು.

ತಾಳೆಯಾದದ್ದೆಲ್ಲ ನಂಬತಕ್ಕದ್ದಲ್ಲ

2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದ ವಿತರಣಾ ಯಂತ್ರವೊಂದಕ್ಕೆ ನುಗ್ಗಿದವರು, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕುತಂತ್ರಾಂಶ ಸೇರಿಸಿದ ಕಡತವನ್ನಿಟ್ಟರು. ಯೋಜನೆಯವರು ಆ ಕೆಟ್ಟ ಕಡತದ ಹ್ಯಾಶ್ ಪ್ರಕಟಿಸಿ, ತಾಳೆಯಾದರೆ ನಿಮ್ಮದು ಸೋಂಕಿನ ಪ್ರತಿ ಎಂದು ಎಚ್ಚರಿಸಿದರು. ಹ್ಯಾಶ್ ಇಲ್ಲಿ ಅತ್ಯುತ್ತಮವಾಗಿ ಕೆಲಸ ಮಾಡಿತು: ಸರಿಯಾದ ಕಡತ ಯಾವುದೆಂದು ಗೊತ್ತಿತ್ತು, ಕೆಟ್ಟದ್ದೂ ಗೊತ್ತಾಯಿತು, ಎರಡೂ ಬೇರೆ ಬೇರೆ ಬೈಟ್‌ಗಳಾಗಿದ್ದವು.

2024ರ ಮಾರ್ಚ್ 29ರಂದು ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್ ಬಹಿರಂಗಪಡಿಸಿದ ಎಕ್ಸ್‌ಝಡ್ ಪ್ರಕರಣದಲ್ಲಿ ಈ ಅನುಕೂಲವಿರಲಿಲ್ಲ. ಎಕ್ಸ್‌ಝಡ್ ಎಂಬ ಸಂಕುಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟವರು ಯೋಜನೆಯ ಅಧಿಕೃತ ನಿರ್ವಾಹಕರಲ್ಲಿ ಒಬ್ಬರು. ಬಿಡುಗಡೆಯ ಕಡತಕ್ಕೆ ಸಹಿ ಮಾಡಿದವರೂ ಅವರೇ. ಹ್ಯಾಶ್ ಸರಿಯಾಗಿತ್ತು, ಸಹಿ ಸರಿಯಾಗಿತ್ತು, ವಿತರಣೆಗಳು ತಂದುಕೊಂಡದ್ದು ಬಿಡುಗಡೆಯಾದ ಕಡತವನ್ನೇ. ತಪ್ಪಿದ್ದದ್ದು ಒಂದು ಕಡೆ: ಬಿಡುಗಡೆಯ ಸಂಕುಚಿತ ಕಡತದಲ್ಲಿದ್ದ ನಿರ್ಮಾಣ ಸೂಚನೆಯೊಂದರ ವಿಕೃತ ರೂಪ ಗಿಟ್ ಭಂಡಾರದಲ್ಲಿ ಇರಲಿಲ್ಲ. ಅಂದರೆ ಹೋಲಿಸಿ ನೋಡಬೇಕಾಗಿದ್ದದ್ದು ಇಳಿಸಿಕೊಂಡ ಕಡತವನ್ನು ಪ್ರಕಟಿತ ಹ್ಯಾಶ್‌ನೊಡನೆ ಅಲ್ಲ. ಪ್ರಕಟಿತ ಕಡತದ ಒಳಗಿನ ಪ್ರತಿಯೊಂದನ್ನೂ ಭಂಡಾರದಲ್ಲಿ ಅದೇ ಆವೃತ್ತಿಯ ಗುರುತಿನಡಿ ಇರುವುದರೊಡನೆ. ಹಾಗೆ ಹೋಲಿಸಿದರೂ ಕೆಲವು ಹೆಚ್ಚುವರಿ ಕಡತಗಳು ಸಹಜವಾಗಿಯೇ ಸಿಗುತ್ತವೆ ಎಂಬುದರಿಂದ ಅದು ಸುಲಭದ ಕೆಲಸವಾಗಿರಲಿಲ್ಲ. ಆದರೆ ಹ್ಯಾಶ್‌ನ ನಿಜವಾದ ಉಪಯೋಗ ಇದ್ದದ್ದು ಅಲ್ಲಿಯೇ. 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಎಂಬ ತಂತ್ರಾಂಶ ಕಂಪನಿಯ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಹಿಂದೆ, ಕಟ್ಟುವ ಯಂತ್ರದಲ್ಲೇ ಕೈವಾಡ ನಡೆದಿತ್ತು, ಕಂಪನಿಯ ಸಹಿ ಅದರ ನಂತರ ಬಿದ್ದಿತ್ತು.

ಹ್ಯಾಶ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಕೊಟ್ಟ ಉತ್ತರ ನನಗೆ ಇವುಗಳಲ್ಲಿ ಹೆಚ್ಚು ಯೋಚಿಸಿ ಮಾಡಿದ್ದಾಗಿ ತೋರುತ್ತದೆ. 2019ರಲ್ಲಿ ಬಂದ ಗೋ 1.13ರಿಂದ, ಯಾವುದೇ ಸಾರ್ವಜನಿಕ ಮಾಡ್ಯೂಲಿನ ಒಂದು ಆವೃತ್ತಿಯನ್ನು ಮೊದಲ ಬಾರಿ ಕೇಳಿದಾಗ ಅದರ ಹ್ಯಾಶ್ ಒಂದು ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ. ಆ ದಾಖಲೆಗೆ ಹೊಸದನ್ನು ಸೇರಿಸಬಹುದೇ ಹೊರತು ಹಳೆಯದನ್ನು ಗೊತ್ತಾಗದಂತೆ ತಿದ್ದಲಾಗದು, ಏಕೆಂದರೆ ಇಡೀ ದಾಖಲೆಯೇ ಹ್ಯಾಶ್‌ಗಳ ಮರವಾಗಿ ಹೆಣೆದಿದೆ. ಮಾಡ್ಯೂಲ್ ಒಳ್ಳೆಯದೋ ಕೆಟ್ಟದೋ ಎಂಬ ಗೋಜಿಗೆ ಅದು ಹೋಗುವುದೇ ಇಲ್ಲ. ಎಲ್ಲರಿಗೂ ಒಂದೇ ಕಡತ ಸಿಗುತ್ತದೆ, ಒಬ್ಬರಿಗಷ್ಟೇ ಬೇರೆಯದನ್ನು ಕೊಟ್ಟು ಮೋಸ ಮಾಡಲಾಗದು ಎಂಬುದನ್ನಷ್ಟೇ ಖಚಿತಪಡಿಸುತ್ತದೆ. ತಾನು ಹೇಳಬಲ್ಲದ್ದರ ಗಡಿಯನ್ನು ಹೀಗೆ ತಿಳಿದಿರುವ ವ್ಯವಸ್ಥೆಗಳು ಕಡಿಮೆ.

ಕಾನೂನು ಕೇಳುವುದು, ದಾಖಲೆ ಕೊಡಬಲ್ಲದ್ದು

2021ರ ಮೇ ತಿಂಗಳಲ್ಲಿ ಹೊರಬಂದ ಅಮೆರಿಕದ ಅಧ್ಯಕ್ಷೀಯ ಆದೇಶ 14028ರ ಬೆನ್ನಿಗೆ, ತಂತ್ರಾಂಶದ ಘಟಕಪಟ್ಟಿಯಲ್ಲಿ ಕನಿಷ್ಠ ಏನೇನಿರಬೇಕು ಎಂಬುದನ್ನು ಅಲ್ಲಿನ ದೂರಸಂಪರ್ಕ ಮತ್ತು ಮಾಹಿತಿ ಆಡಳಿತ ಸಂಸ್ಥೆ ಎನ್‌ಟಿಐಎ ಅದೇ ವರ್ಷದ ಜುಲೈನಲ್ಲಿ ಪ್ರಕಟಿಸಿತು. ಪೂರೈಕೆದಾರರ ಹೆಸರು, ಘಟಕದ ಹೆಸರು, ಆವೃತ್ತಿ, ಅವಲಂಬನೆಯ ಸಂಬಂಧ ಇವೆಲ್ಲ ಕನಿಷ್ಠ ಪಟ್ಟಿಯಲ್ಲಿದ್ದವು. ಹ್ಯಾಶ್ ಇದ್ದರೆ ಒಳ್ಳೆಯದು ಎಂಬ ಶಿಫಾರಸಿನ ಸಾಲಿನಲ್ಲಿ ಉಳಿಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ಅಭಿಪ್ರಾಯಕ್ಕೆ ಬಿಟ್ಟ ಕರಡಿನಲ್ಲಿ ಘಟಕದ ಹ್ಯಾಶ್ ಕನಿಷ್ಠ ಅಂಶಗಳೊಳಗೆ ಬಂತು. ಜರ್ಮನಿಯ ಮಾಹಿತಿ ಭದ್ರತಾ ಕಚೇರಿ ಬಿಎಸ್‌ಐ ತನ್ನ ತಾಂತ್ರಿಕ ಮಾರ್ಗಸೂಚಿಯಲ್ಲಿ ಹ್ಯಾಶ್ ಅನ್ನು ಕೇಳುತ್ತದೆ. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಸೈಬರ್ ಸ್ಥಿತಿಸ್ಥಾಪಕತ್ವ ಕಾಯ್ದೆ, ಕನಿಷ್ಠ ಮೇಲಿನ ಹಂತದ ಅವಲಂಬನೆಗಳನ್ನಾದರೂ ಒಳಗೊಂಡ, ಯಂತ್ರ ಓದಬಲ್ಲ ಘಟಕಪಟ್ಟಿಯನ್ನು ತಯಾರಕರಿಂದ ಬಯಸುತ್ತದೆ. ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗಲಿವೆ.

ಹ್ಯಾಶ್‌ಗೆ ಬೇಡಿಕೆ ಹೆಚ್ಚಿದ್ದಕ್ಕೆ ಹೆಸರುಗಳ ವ್ಯವಸ್ಥೆಯ ಬಳಲಿಕೆಯೂ ಒಂದು ಕಾರಣ. ಅಮೆರಿಕದ ದೋಷಗಳ ರಾಷ್ಟ್ರೀಯ ದತ್ತಸಂಚಯವಾದ ಎನ್‌ವಿಡಿಯಲ್ಲಿ ಯಾವ ದೋಷ ಯಾವ ಉತ್ಪನ್ನದ್ದು ಎಂಬುದನ್ನು ಉತ್ಪನ್ನಗಳನ್ನು ಹೆಸರಿಸುವ ಸಿಪಿಇ ಎಂಬ ಪದ್ಧತಿಯಲ್ಲಿ ಬರೆಯಲಾಗುತ್ತದೆ, 2024ರ ಫೆಬ್ರವರಿಯಿಂದ ಆ ಬರವಣಿಗೆ ತೀವ್ರವಾಗಿ ಕುಂಠಿತವಾಗಿ ಬಾಕಿ ಬೆಟ್ಟವಾಯಿತು. ಹೆಸರಿನ ಪದ್ಧತಿಯಲ್ಲಿ ಇನ್ನೊಂದು ಹಳೆಯ ದೋಷವಿದೆ. ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿಯ ಸಂಖ್ಯೆಯನ್ನೇ ಉಳಿಸಿಕೊಂಡು ದೋಷದ ಪರಿಹಾರವನ್ನು ಮಾತ್ರ ಅದಕ್ಕೆ ತೇಪೆ ಹಾಕುತ್ತವೆ; ಹೆಸರು ಮತ್ತು ಆವೃತ್ತಿಯನ್ನು ನೋಡುವವರಿಗೆ ದೋಷ ಇನ್ನೂ ಇದ್ದಂತೆ ಕಾಣುತ್ತದೆ. ಈ ಸಂದರ್ಭದಲ್ಲಿ ಹ್ಯಾಶ್ ಹೆಸರಿಗಿಂತ ನಿಖರ, ಏಕೆಂದರೆ ತೇಪೆ ಬಿದ್ದ ಕಡತದ ಬೈಟ್‌ಗಳು ಬೇರೆ.

ಆದರೆ ದೋಷದ ದತ್ತಸಂಚಯಗಳು ದೋಷವನ್ನು ಹ್ಯಾಶ್‌ಗಳ ಪಟ್ಟಿಯಾಗಿ ಬರೆಯುವುದಿಲ್ಲ. ಇಂತಹ ಆವೃತ್ತಿಯಿಂದ ಇಂತಹ ಆವೃತ್ತಿಯವರೆಗೆ ಎಂದೇ ಬರೆಯುತ್ತವೆ, ಹಾಗಲ್ಲದೆ ಬರೆಯುವುದೂ ಕಷ್ಟ, ಏಕೆಂದರೆ ಒಂದು ಆವೃತ್ತಿಯಿಂದ ಎಷ್ಟು ಕಟ್ಟಾಣಿಕೆಗಳು ಹುಟ್ಟಿವೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಘಟಕಪಟ್ಟಿಯಲ್ಲಿರುವ ಹ್ಯಾಶ್‌ನಿಂದ ದೋಷದ ದಾಖಲೆಗೆ ಹೋಗಲು ನಡುವೆ ಒಂದು ಸೇತುವೆ ಬೇಕು: ಈ ಹ್ಯಾಶ್ ಇಂತಹ ಪ್ಯಾಕೇಜಿನ ಇಂತಹ ಆವೃತ್ತಿಯ ಇಂತಹ ಕಟ್ಟಾಣಿಕೆಯದ್ದು ಎಂದು ಹೇಳುವ ದಾಖಲೆ. ಗಿಟ್ ಬದಲಾವಣೆಗಳ ಹ್ಯಾಶ್‌ಗಳನ್ನೇ ಬಳಸಿ ದೋಷದ ವ್ಯಾಪ್ತಿಯನ್ನು ಬರೆಯಲು ಗೂಗಲ್ 2021ರಲ್ಲಿ ಆರಂಭಿಸಿದ ಓಎಸ್‌ವಿ ಎಂಬ ದೋಷಗಳ ದತ್ತಸಂಚಯದಲ್ಲಿ ಅವಕಾಶವಿದೆ, ಕಟ್ಟುವಾಗ ಬಳಕೆಯಾದ ಪ್ರತಿ ಕಡತದ ಹ್ಯಾಶ್‌ಗಳನ್ನು ಮರವಾಗಿ ದಾಖಲಿಸಿ ಕಟ್ಟಿದ ಕಡತಕ್ಕೆ ಜೋಡಿಸುವ ಓಮ್ನಿಬೋರ್ ಎಂಬ ಯತ್ನವಿದೆ. ಇವು ಸೇತುವೆಯ ಎರಡು ತುದಿಗಳಿಂದ ನಡೆಯುತ್ತಿರುವ ಕೆಲಸ. ನಡುವಿನ ಭಾಗವನ್ನು ಬಿಟ್ಟು ಘಟಕಪಟ್ಟಿಯಲ್ಲಿ ಹ್ಯಾಶ್‌ಗೊಂದು ಅಂಕಣ ಮಾಡಿ, ಅದರಲ್ಲಿ ಯಾವುದೋ ಪದರದ ಯಾವುದೋ ಹಂತದ ಮೌಲ್ಯವನ್ನು ತುಂಬಿ ಕೊಟ್ಟರೆ ಕಾನೂನು ತೃಪ್ತವಾಗಬಹುದು, ದೋಷ ಹುಡುಕುವವರಿಗೆ ಏನೂ ಸಿಗದು. ಯಾವ ಕ್ರಮದ ಹ್ಯಾಶ್, ಹೊದಿಕೆಯದೋ ಒಳವಸ್ತುವಿನದೋ, ಸಹಿಗೆ ಮುಂಚಿನದೋ ನಂತರದ್ದೋ ಎಂಬ ಮೂರು ವಿವರಗಳಾದರೂ ಅಂಕಣದ ಪಕ್ಕದಲ್ಲಿರಬೇಕು.

ಹಳೆಯ ಕ್ರಮಗಳ ನಿವೃತ್ತಿ

ಕ್ರಮಗಳ ವಯಸ್ಸಿನ ಮಾತು ಈಗ ಬರುತ್ತದೆ. 1992ರಲ್ಲಿ ಪ್ರಕಟವಾದ ಎಂಡಿ5ಕ್ಕೆ 2004ರಲ್ಲಿ ಶಿಯಾವೊಯುನ್ ವಾಂಗ್ ಮತ್ತು ಸಂಗಡಿಗರು ಘರ್ಷಣೆಯನ್ನು, ಅಂದರೆ ಒಂದೇ ಹ್ಯಾಶ್ ಬರುವ ಎರಡು ಭಿನ್ನ ದತ್ತಾಂಶಗಳನ್ನು ತೋರಿಸಿದರು. 2012ರಲ್ಲಿ ಪತ್ತೆಯಾದ ಫ್ಲೇಮ್ ಕುತಂತ್ರಾಂಶ ಈ ದೌರ್ಬಲ್ಯವನ್ನೇ ಬಳಸಿ ಮೈಕ್ರೋಸಾಫ್ಟ್‌ನದೆಂದು ತೋರುವ ಪ್ರಮಾಣಪತ್ರವನ್ನು ಸೃಷ್ಟಿಸಿಕೊಂಡಿತ್ತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಮೌಲ್ಯದ ಎರಡು ಪಿಡಿಎಫ್ ಕಡತಗಳನ್ನು ಪ್ರಕಟಿಸಿದರು. ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ ಯೋಜನೆಯ ಮೂಲ ಸಂಕೇತವಿದ್ದ ಸಬ್‌ವರ್ಷನ್ ಭಂಡಾರಕ್ಕೆ ಆ ಎರಡು ಕಡತಗಳನ್ನು ಪರೀಕ್ಷೆಗೆಂದು ಸೇರಿಸಿದಾಗ, ಕಡತದ ಗುರುತಿಗೆ ಎಸ್‌ಎಚ್‌ಎ-1 ನಂಬಿದ್ದ ಆ ಭಂಡಾರವೇ ಕೆಟ್ಟು ನಿಂತಿತು. ಎನ್‌ಐಎಸ್‌ಟಿ 2022ರ ಡಿಸೆಂಬರಿನಲ್ಲಿ, 2030ರ ಡಿಸೆಂಬರ್ 31ರ ಒಳಗೆ ಎಸ್‌ಎಚ್‌ಎ-1 ಅನ್ನು ಪೂರ್ತಿ ಕೈಬಿಡಬೇಕೆಂದು ಹೇಳಿತು.

ಹಾಗೆಂದು ಹಳೆಯ ಪಟ್ಟಿಗಳೆಲ್ಲ ಕಸವಾದವು ಎನ್ನುವುದು ಉತ್ಪ್ರೇಕ್ಷೆ. ಘರ್ಷಣೆ ಸೃಷ್ಟಿಸುವವರು ಎರಡೂ ಕಡತಗಳನ್ನು ತಾವೇ ರೂಪಿಸುತ್ತಾರೆ. ಬೇರೊಬ್ಬರು ಹಿಂದೆಂದೋ ಮಾಡಿಟ್ಟ ಕಡತವೊಂದಕ್ಕೆ ಸರಿಹೊಂದುವ ಇನ್ನೊಂದನ್ನು ಹುಡುಕುವುದು ಇದಕ್ಕಿಂತ ಎಷ್ಟೋ ಪಾಲು ಕಷ್ಟ, ಎಂಡಿ5ರಲ್ಲಿ ಕೂಡ ಅದು ಕಾರ್ಯಸಾಧ್ಯವಾಗಿಲ್ಲ. ಪ್ರಾಮಾಣಿಕ ತಯಾರಕರ ಹಳೆಯ ತಂತ್ರಾಂಶವನ್ನು ಅದರ ಹಳೆಯ ಹ್ಯಾಶ್‌ನಿಂದ ಗುರುತಿಸುವುದು ಇಂದಿಗೂ ನಡೆಯುತ್ತದೆ. ಅಪಾಯವಿರುವುದು ತಯಾರಕರೇ ವೈರಿಯಾಗಿದ್ದಾಗ: ಸಾಧುವಾದ ಒಂದು ಕಡತ, ಅದೇ ಹ್ಯಾಶ್‌ನ ದುಷ್ಟ ಕಡತ ಎರಡನ್ನೂ ಒಟ್ಟಿಗೆ ಮಾಡಿ, ಮೊದಲನೆಯದನ್ನು ಗೊತ್ತಿರುವ ಕಡತಗಳ ಪಟ್ಟಿಗೆ ಸೇರಿಸಿ, ಎರಡನೆಯದನ್ನು ಆಮೇಲೆ ಬಳಸಬಹುದು. ಯಾರು ಬೇಕಾದರೂ ಪ್ಯಾಕೇಜ್ ಪ್ರಕಟಿಸಬಹುದಾದ ಭಂಡಾರಗಳಿಂದ ಪಟ್ಟಿ ಬೆಳೆಸುವವರಿಗೆ ಇದು ದೂರದ ಕಲ್ಪನೆಯಲ್ಲ. ಎಂಡಿ5, ಎಸ್‌ಎಚ್‌ಎ-1 ಎರಡನ್ನೂ ಬರೆದಿಟ್ಟರೆ ಸಾಕೆಂಬ ಸಮಾಧಾನವೂ ಗಟ್ಟಿಯಲ್ಲ. ಎರಡು ಹ್ಯಾಶ್‌ಗಳನ್ನು ಜೋಡಿಸಿದರೆ ಬಲಗಳು ಕೂಡಿಕೊಳ್ಳುವುದಿಲ್ಲ ಎಂದು ಗೂಢಲಿಪಿ ತಜ್ಞ ಆಂಟ್ವಾನ್ ಜೂ 2004ರಲ್ಲೇ ತೋರಿಸಿದ್ದಾರೆ.

ಆದ್ದರಿಂದ ಎಲ್ಲರೂ ಎಸ್‌ಎಚ್‌ಎ-256ಕ್ಕೋ ಅದಕ್ಕೂ ದೊಡ್ಡದಕ್ಕೋ ದಾಟಬೇಕು. ದಾಟಲು ಬೇಕಾದದ್ದು ಹ್ಯಾಶ್‌ಗಳಲ್ಲ, ಕಡತಗಳು. ಎಸ್‌ಎಚ್‌ಎ-1 ಮೌಲ್ಯದಿಂದ ಎಸ್‌ಎಚ್‌ಎ-256 ಮೌಲ್ಯವನ್ನು ಲೆಕ್ಕ ಹಾಕುವ ದಾರಿಯಿಲ್ಲ, ಮೂಲ ಕಡತವನ್ನೇ ಮತ್ತೆ ಓದಬೇಕು. ಎನ್‌ಎಸ್‌ಆರ್‌ಎಲ್ ತಾನು ಸಂಗ್ರಹಿಸಿದ ಮೂಲ ಪ್ರತಿಗಳನ್ನು ಕಾಪಿಟ್ಟಿದ್ದರಿಂದಲೇ ತನ್ನ ದಾಖಲೆಯ ಹೊಸ ರೂಪದಲ್ಲಿ ಎಸ್‌ಎಚ್‌ಎ-256 ಕೊಡಲು ಸಾಧ್ಯವಾಯಿತು. ಫ್ರಾನ್ಸಿನ ಸಂಶೋಧನಾ ಸಂಸ್ಥೆ ಇನ್ರಿಯಾ 2016ರಲ್ಲಿ ಲೋಕಾರ್ಪಣೆ ಮಾಡಿದ, ಮೂಲ ಸಂಕೇತಗಳನ್ನು ಕಾಪಿಡುವ ಸಾಫ್ಟ್‌ವೇರ್ ಹೆರಿಟೇಜ್ ಸಂಗ್ರಹದ ಗುರುತುಗಳು 2025ರಲ್ಲಿ ಐಎಸ್‌ಒ ಮಾನಕವಾದವು. ಅವು ಗಿಟ್‌ನ ರೀತಿಯ ಎಸ್‌ಎಚ್‌ಎ-1 ಮೇಲೆಯೇ ನಿಂತಿವೆ, ಆದರೆ ಸಂಗ್ರಹದಲ್ಲಿ ಕಡತಗಳೇ ಇವೆ, ಪ್ರತಿಯೊಂದಕ್ಕೂ ಬೇರೆ ಕ್ರಮಗಳ ಹ್ಯಾಶ್‌ಗಳೂ ದಾಖಲಾಗಿವೆ. ಹೀಗಲ್ಲದೆ, ಬಳಕೆದಾರರ ಯಂತ್ರಗಳಿಂದ ಹ್ಯಾಶ್‌ಗಳನ್ನಷ್ಟೇ ತರಿಸಿಕೊಂಡು ಬೆಳೆದ ಪಟ್ಟಿಗಳಲ್ಲಿ ಎಷ್ಟೋ ನಮೂದುಗಳ ಹಿಂದೆ ಈಗ ಕಡತವೇ ಇಲ್ಲ. ತಯಾರಕರು ಆ ಆವೃತ್ತಿಯನ್ನು ಹಿಂತೆಗೆದುಕೊಂಡಿರುತ್ತಾರೆ ಅಥವಾ ಕಂಪನಿಯೇ ಮುಚ್ಚಿರುತ್ತದೆ. ಅಂತಹ ಪಟ್ಟಿ ಇಟ್ಟುಕೊಂಡವರು 2030ರೊಳಗೆ ಮಾಡಬಹುದಾದದ್ದು ಇಷ್ಟು: ಕಡತ ಇನ್ನೂ ಎಲ್ಲಾದರೂ ಸಿಗುವುದಿದ್ದರೆ ತರಿಸಿ, ಹಳೆಯ ಹ್ಯಾಶ್‌ನೊಡನೆ ತಾಳೆ ನೋಡಿ ಹೊಸದನ್ನು ಬರೆದುಕೊಳ್ಳುವುದು, ಸಿಗದಿದ್ದರೆ ಆ ನಮೂದನ್ನು ಹಳೆಯ ಕ್ರಮದ್ದೆಂದು ಗುರುತು ಹಾಕಿ, ಗೊತ್ತಿರುವ ಕಡತವೆಂದು ತಾನಾಗಿ ಬದಿಗಿಡುವ ಸಾಲಿನಿಂದ ಹೊರಗಿಡುವುದು.